ನಾಕಾಬಂದಿಯಲ್ಲಿ ಕಾಗದ ತೋರಿಸಿದ ಮೇಲೂ ಮೊಬೈಲ್ ಲಾಕ್ ತೆಗೆಸಿದರು, ಇದಕ್ಕೆ ಅಧಿಕಾರ ಇದೆಯಾ?

ಗಂಗಾವತಿ ಭತ್ತ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ಪೂರ್ತಿ ಓದಿ. ನಾನು ರೈಸ್‌ಮಿಲ್ಲಿನಲ್ಲಿ ಲೆಕ್ಕ ಬರೆಯುವವನು. ನನ್ನ ತಮ್ಮನಿಗೆ 22 ವರ್ಷ, ಟ್ರ್ಯಾಕ್ಟರ್ ಬಿಡಿಭಾಗದ ಅಂಗಡಿಯಲ್ಲಿ ಕೆಲಸ. ಹೋದ ವಾರ ರಾತ್ರಿ ಹತ್ತೂವರೆ ಸುಮಾರಿಗೆ ಅಂಗಡಿ ಮುಚ್ಚಿ ಬೈಕಿನಲ್ಲಿ ಮನೆಗೆ ಬರುತ್ತಿದ್ದ. ಹೆಲ್ಮೆಟ್ ಹಾಕಿದ್ದ, ಒಬ್ಬನೇ ಇದ್ದ, ಕುಡಿಯುವ ಚಟ ಇಲ್ಲ. ದಾರಿಯಲ್ಲಿ ನಾಕಾಬಂದಿ. ಕೈ ತೋರಿಸಿದರು, ನಿಲ್ಲಿಸಿದ. ನಿಲ್ಲಿಸಿದ ಕೂಡಲೇ ಒಬ್ಬರು ಕೈ ಹಾಕಿ ಕೀ ಕಿತ್ತುಕೊಂಡರು. ಕಾಗದ ತೋರಿಸು ಅಂದರು. ಮೊಬೈಲಿನಲ್ಲಿ ಡಿಜಿಲಾಕರ್ ಅನ್ನುವ ಸರ್ಕಾರಿ ಆ್ಯಪ್ ತೆಗೆದು ತೋರಿಸಿದ. ಇದು ನಡೆಯಲ್ಲ, ಒರಿಜಿನಲ್ ಬೇಕು ಅಂದರು.

ಆಮೇಲೆ ಅದೇ ಮೊಬೈಲ್ ಕೈಯಿಂದ ತಗೊಂಡರು. ಅಷ್ಟರಲ್ಲಿ ಸ್ಕ್ರೀನ್ ಆರಿ ಲಾಕ್ ಆಗಿತ್ತು. ತೆಗಿ ಅಂದರು. ಯಾಕೆ ಸರ್ ಅಂತ ಕೇಳಿದ್ದಕ್ಕೆ ಇವನ ಬಲಗೈ ಹಿಡಿದು ಹೆಬ್ಬೆರಳನ್ನು ಮೊಬೈಲಿನ ಮೇಲೆ ಒತ್ತಿಸಿದರು. ವಾಟ್ಸಾಪ್ ತೆಗೆದರು. ಫೋಟೋ ನೋಡಿದರು, ಅದರಲ್ಲಿ ನಮ್ಮ ಅಕ್ಕನ ಸೀಮಂತದ ಫೋಟೋ ಇದ್ದವು. ಇವನು ಮಾತಾಡುವ ಒಂದು ಹುಡುಗಿಯ ಮೆಸೇಜನ್ನು ಗಟ್ಟಿಯಾಗಿ ಓದಿ ಹೇಳಿದರು, ಪಕ್ಕದಲ್ಲಿ ನಿಂತಿದ್ದವರು ನಕ್ಕರು. ಏನೂ ಸಿಗಲಿಲ್ಲ. ಕೊನೆಗೆ 500 ರೂಪಾಯಿ ಇಸ್ಕೊಂಡು ಕೀ ಕೊಟ್ಟರು. ರಸೀದಿ ಇಲ್ಲ.

ಮನೆಗೆ ಬಂದವನು ಊಟ ಮಾಡಲಿಲ್ಲ. ಎರಡು ದಿನ ಆದ ಮೇಲೆ ನನಗೆ ಹೇಳಿದ. 500 ರೂಪಾಯಿ ಹೋದದ್ದು ಅವನಿಗೆ ದೊಡ್ಡದಲ್ಲ. ಆ ಹೆಬ್ಬೆರಳಿನ ವಿಷಯ ಹೇಳುವಾಗ ಮಾತ್ರ ಕೈ ಮುಚ್ಚಿಕೊಂಡು ಕೂತಿದ್ದ. ಊರ ಹೆಸರು ಹಾಕುವುದಿಲ್ಲ, ಅವನು ದಿನಾ ಅದೇ ದಾರಿಯಲ್ಲಿ ಓಡಾಡಬೇಕು. ನನ್ನ ಪ್ರಶ್ನೆ ಇಷ್ಟೇ: ಪೊಲೀಸರು ಗಾಡಿ ನಿಲ್ಲಿಸಿದಾಗ ನಾವು ಏನೇನು ಕೊಡಬೇಕು, ಏನು ಕೊಡಬೇಕಾಗಿಲ್ಲ? ಗೊತ್ತಿರುವವರು ಹೇಳಿ.

ಬಳ್ಳಾರಿ ಕೋರ್ಟ್ ಆವರಣ:

ಅಣ್ಣಾ, ಓದಿ ಬೇಜಾರಾಯಿತು. ನಾನು ಬಳ್ಳಾರಿಯಲ್ಲಿ ಹದಿನಾಲ್ಕು ವರ್ಷದಿಂದ ವಕೀಲಿ ಮಾಡುತ್ತಿದ್ದೇನೆ. ಮೊದಲು ಕಾಗದದ ವಿಷಯ ಮುಗಿಸುತ್ತೇನೆ, ಮೊಬೈಲ್ ಬಗ್ಗೆ ಬೇರೆಯಾಗಿ ಬರೆಯುತ್ತೇನೆ.

ಸಮವಸ್ತ್ರದಲ್ಲಿರುವ ಪೊಲೀಸರು ಕೇಳಿದರೆ ಡಿಎಲ್ ತೋರಿಸಲೇಬೇಕು. ಮೋಟಾರು ವಾಹನ ಕಾಯ್ದೆ 1988ರ ಸೆಕ್ಷನ್ 130 ಅದನ್ನೇ ಹೇಳುತ್ತದೆ. ಆರ್‌ಸಿ, ಇನ್ಶೂರೆನ್ಸ್ ಕೂಡ ಕೇಳಬಹುದು, ಅದು ಸೆಕ್ಷನ್ 158. ಇಲ್ಲಿ ವಾದ ಮಾಡುವುದಕ್ಕೆ ಏನೂ ಇಲ್ಲ. ಆದರೆ ತೋರಿಸುವುದು ಬೇರೆ, ಕೊಟ್ಟು ಬರುವುದು ಬೇರೆ. ಇದನ್ನು ನಮ್ಮ ಜನ ಗಮನಿಸುವುದೇ ಇಲ್ಲ.

ಡಿಜಿಲಾಕರ್ ನಡೆಯಲ್ಲ ಅಂದದ್ದು ತಪ್ಪು. ಡಿಜಿಲಾಕರ್, ಎಂ-ಪರಿವಾಹನ್ ಎರಡೂ ಸರ್ಕಾರಿ ಆ್ಯಪ್‌ಗಳಲ್ಲಿರುವ ಕಾಗದಕ್ಕೂ ಒರಿಜಿನಲ್ಲಿನಷ್ಟೇ ಬೆಲೆ ಕೊಡಿ ಅಂತ ಕೇಂದ್ರ ಸಾರಿಗೆ ಸಚಿವಾಲಯ 2018ರಲ್ಲೇ ರಾಜ್ಯಗಳಿಗೆ ತಿಳಿಸಿದೆ, ಕೇಂದ್ರ ಮೋಟಾರು ವಾಹನ ನಿಯಮಗಳ 139ನೇ ನಿಯಮವನ್ನೂ ಅದಕ್ಕೆ ತಕ್ಕಂತೆ ತಿದ್ದಿದ್ದಾರೆ. 2020ರ ಅಕ್ಟೋಬರ್ 1ರಿಂದ ಇನ್ನೊಂದು ತಿದ್ದುಪಡಿ ಬಂತು. ಕಾಗದ ಸರಿಯಿದೆ ಅಂತ ಆನ್‌ಲೈನಿನಲ್ಲೇ ಗೊತ್ತಾದರೆ ಮತ್ತೆ ಪೇಪರ್ ಪ್ರತಿ ಕೇಳಬಾರದು ಅಂತ ಅದರಲ್ಲಿದೆ. ಆದರೆ ಒಂದು ಮಾತು. ಗ್ಯಾಲರಿಯಲ್ಲಿ ಇಟ್ಟುಕೊಂಡ ಆರ್‌ಸಿ ಫೋಟೋ, ವಾಟ್ಸಾಪಿನಲ್ಲಿ ಅಣ್ಣ ಕಳಿಸಿದ ಇನ್ಶೂರೆನ್ಸ್ ಫೋಟೋ, ಇವು ಡಿಜಿಲಾಕರ್ ಅಲ್ಲ. ಬಹಳ ಜನ ಇದರಲ್ಲಿ ಸಿಕ್ಕಿಬೀಳುತ್ತಾರೆ.

ಇನ್ನು ಕೀ. ಗಾಡಿ ವಶಕ್ಕೆ ತಗೊಳ್ಳುವ ಅಧಿಕಾರ ಸೆಕ್ಷನ್ 207ರಲ್ಲಿದೆ. ಅದು ಡಿಎಲ್ ಇಲ್ಲದವರು ಓಡಿಸಿದರೆ, ವಯಸ್ಸಾಗದ ಹುಡುಗರು ಓಡಿಸಿದರೆ, ಗಾಡಿಗೆ ನೋಂದಣಿಯೇ ಇಲ್ಲದಿದ್ದರೆ, ಪರ್ಮಿಟ್ ಬೇಕಾದ ಗಾಡಿಗೆ ಪರ್ಮಿಟ್ ಇಲ್ಲದಿದ್ದರೆ. ನಿಲ್ಲಿಸಿದ ಕೂಡಲೇ ಮೊದಲು ಕೀ ಕಿತ್ತುಕೋ ಅಂತ ಆ ಕಾಯ್ದೆಯಲ್ಲಿ ಎಲ್ಲೂ ಬರೆದಿಲ್ಲ.

ದಫೇದಾರ್, ನಿವೃತ್ತ:

ನಾನು ಇಲಾಖೆಯಲ್ಲಿ 31 ವರ್ಷ ಇದ್ದವನು, ಕೊಪ್ಪಳ ಜಿಲ್ಲೆಯವನೇ. ಇಲಾಖೆಯವರು ಅಂತ ಯಾರೂ ಮಾತಾಡದೆ ಹೋದರೆ ಸರಿಯಲ್ಲ ಅಂತ ಬರೆಯುತ್ತಿದ್ದೇನೆ.

ನಾಕಾಬಂದಿ ಸುಮ್ನೆ ಹಾಕುವುದಿಲ್ಲ. ಪಡಿತರ ಅಕ್ಕಿ ಹೋಗುತ್ತಿದೆ, ಮರಳು ಹೋಗುತ್ತಿದೆ, ಕದ್ದ ಬೈಕ್ ಬರುತ್ತಿದೆ, ಎಲ್ಲೋ ಸರಗಳ್ಳತನ ಆಗಿದೆ ಅಂತ ವೈರ್‌ಲೆಸ್ಸಿನಲ್ಲಿ ಬರುತ್ತದೆ. ರಾತ್ರಿ ಎರಡು ಗಂಟೆಗೆ ಹೈವೇಯಲ್ಲಿ ಟಾರ್ಚ್ ಹಿಡಿದು ನಿಂತವರಿಗೆ ಗೊತ್ತು ಅದರ ಕಷ್ಟ. ಲಾರಿ ಸ್ಪೀಡ್ ಕಡಿಮೆ ಮಾಡದೆ ಮೈಮೇಲೆ ಬಂದದ್ದು ನಾನೇ ನೋಡಿದ್ದೇನೆ, ಬ್ಯಾರಿಕೇಡ್ ಹಾರಿಸಿಕೊಂಡು ಹೋಗಿತ್ತು. ನನ್ನ ಜೊತೆಗಾರನ ಕಾಲು ಮುರಿಯಿತು. ಹುಡುಗರು ನಿಲ್ಲಿಸಿದ ಹಾಗೆ ಮಾಡಿ ಗೇರ್ ಹಾಕಿ ಓಡುತ್ತಾರೆ. ಅದಕ್ಕೇ ಕೀ ತೆಗೆಯುವ ಅಭ್ಯಾಸ ಬೆಳೆದದ್ದು.

ಇಷ್ಟು ಹೇಳಿ ಇನ್ನೊಂದು ಹೇಳುತ್ತೇನೆ. ಆ ಹುಡುಗನ ಹೆಬ್ಬೆರಳು ಹಿಡಿದು ಒತ್ತಿಸಿದ್ದು ತಪ್ಪು, ದೊಡ್ಡ ತಪ್ಪು. ಅವನ ಮೆಸೇಜು ನಾಲ್ಕು ಜನರ ಮುಂದೆ ಓದಿದ್ದು ಅದಕ್ಕಿಂತ ತಪ್ಪು. ನನ್ನ ಸರ್ವಿಸಿನಲ್ಲಿ ಇಂಥದ್ದು ಕಣ್ಣಾರೆ ನೋಡಿ ಸುಮ್ಮನಿದ್ದದ್ದೂ ಉಂಟು. ಈಗ ಅದು ನೆನಪಾದರೆ ಸಂಕಟ ಆಗುತ್ತದೆ. ತಮ್ಮನಿಗೆ ಹೇಳಿ, ಅವನದ್ದೇನೂ ತಪ್ಪಿಲ್ಲ ಅಂತ.

ಕೊಪ್ಪಳ ಡಿಗ್ರಿ ಕಾಲೇಜು:

ಸರ್, ಕಾಗದ ನೋಡುವುದಕ್ಕೆ ಮಾತ್ರ ಗಾಡಿ ನಿಲ್ಲಿಸುವ ಹಾಗೇ ಇಲ್ಲ ಅಂತ ರಾಜ್ಯದ ಪೊಲೀಸ್ ಮುಖ್ಯಸ್ಥರಾದ ಡಿಜಿಪಿ ಹೇಳಿದ್ದರಲ್ವಾ? ನಮ್ಮ ಹಾಸ್ಟೆಲ್ ಗ್ರೂಪಿನಲ್ಲಿ ಆ ಸ್ಕ್ರೀನ್‌ಶಾಟ್ ಈಗಲೂ ಓಡಾಡುತ್ತದೆ. ಅದನ್ನು ತೋರಿಸಿದರೆ ಬಿಡುತ್ತಾರಾ?

ಬಳ್ಳಾರಿ ಕೋರ್ಟ್ ಆವರಣ:

ತಮ್ಮಾ, ಅದು ನಿಜ, ಆದರೆ ಅರ್ಧ ನಿಜ. 2022ರ ಜೂನಿನಲ್ಲಿ ಆಗಿನ ಡಿಜಿ-ಐಜಿಪಿ ಪ್ರವೀಣ್ ಸೂದ್ ಅವರು ಟ್ವಿಟರಿನಲ್ಲಿ ಬರೆದರು. ಕಣ್ಣಿಗೆ ಕಾಣುವ ಸಂಚಾರ ಉಲ್ಲಂಘನೆ ಇಲ್ಲದಿದ್ದರೆ ಕಾಗದ ನೋಡಲು ಮಾತ್ರ ಗಾಡಿ ನಿಲ್ಲಿಸಬಾರದು, ಕುಡಿದು ಓಡಿಸುವವರ ತಪಾಸಣೆ ಮಾತ್ರ ಇದಕ್ಕೆ ಹೊರತು ಅಂತ. ಅದನ್ನು ಜಾರಿ ಮಾಡಲು ಬೆಂಗಳೂರಿನ ಅಧಿಕಾರಿಗಳಿಗೆ ಹೇಳಿದ್ದರು. ಆಮೇಲೆ 2025ರ ಮೇ ತಿಂಗಳಲ್ಲಿ ಮಂಡ್ಯದಲ್ಲಿ ಆದದ್ದು ಎಲ್ಲರಿಗೂ ಗೊತ್ತು. ನಾಯಿ ಕಚ್ಚಿದ ಮೂರು ವರ್ಷದ ಮಗುವನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಿದ್ದ ಬೈಕನ್ನು ತಪಾಸಣೆಗೆ ತಡೆದಾಗ ಮಗು ಬಿದ್ದು ತೀರಿಕೊಂಡಿತು. ಮೂವರು ಎಎಸ್‌ಐಗಳು ಅಮಾನತಾದರು. ಅದಾದ ಮೇಲೆ ರಾಜ್ಯದ ಪೊಲೀಸ್ ಮುಖ್ಯಸ್ಥರಿಂದ ಎಲ್ಲ ಕಡೆಗೂ ಸೂಚನೆ ಹೋಯಿತು. ಕಾರಣವಿಲ್ಲದೆ ಗಾಡಿ ನಿಲ್ಲಿಸಬೇಡಿ, ದಿಢೀರ್ ಅಂತ ಅಡ್ಡ ಬರಬೇಡಿ, ಕೀ ಕಿತ್ತುಕೊಳ್ಳಬೇಡಿ ಅಂತ.

ಇವು ಇಲಾಖೆಯ ಒಳಗಿನ ಸೂಚನೆಗಳು. ಸೆಕ್ಷನ್ 130 ಹಾಗೇ ಇದೆ. ಆದ್ದರಿಂದ ಸ್ಕ್ರೀನ್‌ಶಾಟ್ ಮುಖಕ್ಕೆ ಹಿಡಿದು ನಿಲ್ಲುವುದಿಲ್ಲ ಅಂತ ಹೋಗಬೇಡ. ನಿಲ್ಲು, ಕಾಗದ ತೋರಿಸು. ಆ ಸೂಚನೆಗಳು ಉಪಯೋಗಕ್ಕೆ ಬರುವುದು ಆಮೇಲೆ ದೂರು ಕೊಡುವಾಗ. ಮೇಲಿನವರೇ ಬೇಡ ಅಂದದ್ದನ್ನು ಕೆಳಗಿನವರು ಮಾಡಿದ್ದಾರೆ ಅಂತ ಬರೆಯಬಹುದು, ಅದಕ್ಕೆ ತೂಕ ಇದೆ.

ರಾಯಚೂರು ಲಾರಿ:

ನನ್ನದೂ ಒಂದು ಕೇಳಿ. ಹತ್ತಿ ಅಂಡಿಗೆ ತುಂಬಿಕೊಂಡು ಶಕ್ತಿನಗರದ ಸೇತುವೆ ದಾಟಿ ತೆಲಂಗಾಣಕ್ಕೆ ಹೋಗುವವರು ನಾವು. ಎರಡು ವರ್ಷದ ಹಿಂದೆ ಒಂದು ಕಡೆ ನನ್ನ ಡಿಎಲ್ ಇಸ್ಕೊಂಡು, ವಾಪಸ್ ಬರುವಾಗ ತಗೊಂಡು ಹೋಗು ಅಂದರು. ಚೀಟಿ ಕೊಡಲಿಲ್ಲ. ವಾಪಸ್ ಬಂದಾಗ ಆ ಸಾಹೇಬರು ಅಲ್ಲಿ ಇರಲಿಲ್ಲ. ನಾಲ್ಕು ದಿನ ಓಡಾಡಿದೆ. ನಾಲ್ಕು ದಿನ ಗಾಡಿ ನಿಂತರೆ ಓನರ್ ಏನು ಅಂತಾನೆ ಗೊತ್ತಲ್ಲ, ಕೊನೆಗೆ ಬೇರೆ ಡ್ರೈವರನ್ನು ಹತ್ತಿಸಿದ. ನನಗೆ ಆ ತಿಂಗಳು ಅರ್ಧ ಸಂಬಳ. ಡಿಎಲ್ ತಗೊಂಡರೆ ಚೀಟಿ ಕೊಡಬೇಕು ಅಂತ ರೂಲ್ಸ್ ಇದೆಯಾ ಸರ್?

ಬಳ್ಳಾರಿ ಕೋರ್ಟ್ ಆವರಣ:

ಇದೆ ಅಣ್ಣಾ. ಸೆಕ್ಷನ್ 206. ಕಾಗದ ನಕಲಿ ಅಂತ ಅನುಮಾನ ಬಂದರೆ, ಚಾಲಕ ತಪ್ಪಿಸಿಕೊಂಡು ಹೋಗುತ್ತಾನೆ ಅಂತ ಅನಿಸಿದರೆ, ಅಥವಾ ಡಿಎಲ್ ಅಮಾನತು ಮಾಡುವಂಥ ತಪ್ಪು ಆಗಿದ್ದರೆ ಲೈಸೆನ್ಸ್ ವಶಕ್ಕೆ ತಗೊಳ್ಳಬಹುದು. ಆದರೆ ಹಾಗೆ ತಗೊಂಡವರು ಸ್ವೀಕೃತಿ ಚೀಟಿ ಕೊಡಬೇಕು. ತಪ್ಪಿಸಿಕೊಳ್ಳುವ ಅನುಮಾನದ ಮೇಲೆ ತಗೊಂಡದ್ದಾದರೆ, ಡಿಎಲ್ ವಾಪಸ್ ಬರುವ ತನಕ ಅಥವಾ ಚೀಟಿಯಲ್ಲಿ ಬರೆದ ದಿನದ ತನಕ ಆ ಚೀಟಿ ಇಟ್ಟುಕೊಂಡೇ ಗಾಡಿ ಓಡಿಸಬಹುದು. ನಿಮಗೆ ಆ ಒಂದು ಚೀಟಿ ಕೊಟ್ಟಿದ್ದರೆ ನಾಲ್ಕು ದಿನ ಕೂರಬೇಕಾಗಿರಲಿಲ್ಲ.

ದಂಡದ್ದೂ ಹಾಗೇ. ಸ್ಥಳದಲ್ಲೇ ದಂಡ ಕಟ್ಟಿಸಿಕೊಳ್ಳುವುದು ಸೆಕ್ಷನ್ 200ರ ಕೆಳಗೆ, ಸರ್ಕಾರ ಅಧಿಸೂಚನೆಯಲ್ಲಿ ಹೇಳಿದ ದರ್ಜೆಯ ಅಧಿಕಾರಿ ಮಾತ್ರ ಮಾಡಬಹುದು. ನಮ್ಮ ರಾಜ್ಯದಲ್ಲಿ ಹೆಲ್ಮೆಟ್ ಇಲ್ಲದ್ದಕ್ಕೆ 500. ತಪ್ಪು ಮಾಡಿದ್ದರೆ ಕಟ್ಟಿ, ರಸೀದಿ ತಗೊಳ್ಳಿ. ಒಪ್ಪಿಗೆ ಇಲ್ಲದಿದ್ದರೆ ನಾನು ಕೋರ್ಟಿನಲ್ಲಿ ಕಟ್ಟುತ್ತೇನೆ ಅಂತ ಹೇಳುವ ಹಕ್ಕು ಎಲ್ಲರಿಗೂ ಇದೆ. ರಸೀದಿ ಇಲ್ಲದ ದುಡ್ಡು ದಂಡ ಅಲ್ಲ, ಅದಕ್ಕೆ ಬೇರೆ ಹೆಸರಿದೆ.

ಈಗ ಮೊಬೈಲಿಗೆ ಬರುತ್ತೇನೆ. 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಒಂದೇ ದನಿಯಲ್ಲಿ ಹೇಳಿದರು, ಖಾಸಗಿತನ ಮೂಲಭೂತ ಹಕ್ಕು, ಅದು ಸಂವಿಧಾನದ 21ನೇ ವಿಧಿಯ ಒಳಗೇ ಇದೆ ಅಂತ. ಆ ಕೇಸು ಹಾಕಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು. ಆ ಹಕ್ಕಿಗೆ ಕೈ ಹಾಕಬೇಕಾದರೆ ಅದಕ್ಕೊಂದು ಕಾನೂನು ಇರಬೇಕು, ಸರಿಯಾದ ಕಾರಣ ಇರಬೇಕು, ಆ ಕಾರಣಕ್ಕೆ ಎಷ್ಟು ಬೇಕೋ ಅಷ್ಟೇ ಮುಟ್ಟಬೇಕು. ರಸ್ತೆಯಲ್ಲಿ ಹೋಗುವವನ ವಾಟ್ಸಾಪ್ ನೋಡಿ ಅಂತ ಮೋಟಾರು ವಾಹನ ಕಾಯ್ದೆಯಲ್ಲಿ ಒಂದು ಸಾಲೂ ಇಲ್ಲ.

ಇನ್ನೂ ನೇರವಾದ ತೀರ್ಪು ನಮ್ಮ ಹೈಕೋರ್ಟಿನದ್ದೇ ಇದೆ, ವೀರೇಂದ್ರ ಖನ್ನಾ ಪ್ರಕರಣ, 2021ರ ಮಾರ್ಚ್. ಅದರಲ್ಲಿ ಇರುವಾತ ಆರೋಪಿ, ಕೇಸು ದಾಖಲಾಗಿದೆ, ತನಿಖೆ ನಡೆಯುತ್ತಿದೆ. ಅಂಥವನ ಮೊಬೈಲಿಗೂ ತನಿಖಾಧಿಕಾರಿ ಪಾಸ್‌ವರ್ಡ್ ಕೇಳಬಹುದು, ಅವನು ಕೊಡಲ್ಲ ಅನ್ನಬಹುದು, ಆಗ ಅಧಿಕಾರಿ ಕೋರ್ಟಿಗೆ ಹೋಗಿ ಶೋಧನಾ ವಾರಂಟ್ ತರಬೇಕು. ತುರ್ತು ಇದ್ದರೆ ವಾರಂಟ್ ಇಲ್ಲದೆ ಶೋಧಿಸಬಹುದು, ಅದಕ್ಕೂ ಕಾರಣ ಬರೆದಿಡಬೇಕು. ಕೋರ್ಟೇ ಹೇಳಿದ ಮೇಲೆ ಪಾಸ್‌ವರ್ಡ್ ಕೊಡುವುದು, ಆರೋಪಿಯನ್ನು ತನ್ನ ವಿರುದ್ಧ ತಾನೇ ಸಾಕ್ಷಿ ಹೇಳಲು ಬಲವಂತ ಮಾಡಬಾರದು ಅನ್ನುವ 20(3)ನೇ ವಿಧಿಗೆ ವಿರುದ್ಧ ಅಲ್ಲ ಅಂತಲೂ ಅದೇ ತೀರ್ಪಿನಲ್ಲಿದೆ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಯೋಚನೆ ಮಾಡಿ, ಕೇಸಿನಲ್ಲಿ ಸಿಕ್ಕಿದ ಆರೋಪಿಗೇ ಇಷ್ಟು ರಕ್ಷಣೆ ಇದೆ. ಹೆಲ್ಮೆಟ್ ಹಾಕಿಕೊಂಡು ಅಂಗಡಿ ಮುಚ್ಚಿ ಮನೆಗೆ ಹೋಗುವ ಹುಡುಗನಿಗೆ ಇಲ್ಲ ಅಂದರೆ ಹೇಗೆ?

ದೇಹವನ್ನು ಬಲವಂತವಾಗಿ ಬಳಸಿ ಮನಸ್ಸಿನಲ್ಲಿರುವುದನ್ನು ಹೊರಗೆ ತೆಗೆಯಬಾರದು ಅಂತ 2010ರ ಸೆಲ್ವಿ ತೀರ್ಪು ಇದೆ. ಅದೂ ಕರ್ನಾಟಕದ ಕೇಸೇ, ಮಂಪರು ಪರೀಕ್ಷೆಯ ಬಗ್ಗೆ. ನೇರವಾಗಿ ಮೊಬೈಲಿನದ್ದಲ್ಲ. ಆದರೆ ಆ ಹೆಬ್ಬೆರಳಿನ ಮಾತು ಓದಿದಾಗ ನನಗೆ ಮೊದಲು ನೆನಪಾದದ್ದು ಅದೇ.

ಸಿಂಧನೂರು ನರ್ಸ್:

ನಾನು ರಾತ್ರಿ ಪಾಳಿ ಮುಗಿಸಿ ಸ್ಕೂಟಿಯಲ್ಲಿ ಬರುವವಳು. ನನ್ನನ್ನು ನಿಲ್ಲಿಸಿದಾಗ ಕಾಗದ ಆಮೇಲೆ ಕೇಳುತ್ತಾರೆ. ಮೊದಲು ಕೇಳುವುದು, ಎಲ್ಲಿಂದ ಬಂದೆ, ಇಷ್ಟೊತ್ತಿನಲ್ಲಿ ಏನು ಕೆಲಸ, ಗಂಡ ಎಲ್ಲಿದ್ದಾನೆ. ಕುತ್ತಿಗೆಯಲ್ಲಿ ಆಸ್ಪತ್ರೆಯ ಐಡಿ ಕಾರ್ಡು ನೇತಾಡುತ್ತಿರುತ್ತದೆ, ಅದರ ಮೇಲೆ ಟಾರ್ಚ್ ಬಿಟ್ಟು ನೋಡಿದ ಮೇಲೂ ಕೇಳುತ್ತಾರೆ. ಒಂದು ಸಲ ಡಿಕ್ಕಿ ತೆಗೆಸಿ ನನ್ನ ಬ್ಯಾಗಿಗೆ ಕೈ ಹಾಕಲು ಬಂದರು. ಅದರಲ್ಲಿ ನನ್ನ ಬದಲಿ ಬಟ್ಟೆ ಇದ್ದವು. ನಾನು ಬ್ಯಾಗ್ ಎದೆಗೆ ಒತ್ತಿಕೊಂಡು, ಹೆಣ್ಣು ಪೊಲೀಸರನ್ನು ಕರೆಸಿ, ನಾನೇ ತೆಗೆದು ತೋರಿಸುತ್ತೇನೆ ಅಂದೆ. ಸೆಕ್ಷನ್ ಗೀಕ್ಷನ್ ನನಗೆ ಗೊತ್ತಿರಲಿಲ್ಲ, ಆ ಕ್ಷಣಕ್ಕೆ ಬಾಯಿಗೆ ಬಂದದ್ದು ಅದು. ಅವರಲ್ಲೇ ವಯಸ್ಸಾದವರೊಬ್ಬರು, ಹೋಗಮ್ಮಾ ಅಂದು ಬಿಟ್ಟರು. ನಾನು ಹೇಳಿದ್ದು ಸರಿಯಾ ಸರ್?

ಬಳ್ಳಾರಿ ಕೋರ್ಟ್ ಆವರಣ:

ಅಕ್ಕಾ, ನೂರಕ್ಕೆ ನೂರು ಸರಿ. 2024ರ ಜುಲೈ 1ರಿಂದ ಸಿಆರ್‌ಪಿಸಿ, ಅಂದರೆ ಹಳೆಯ ದಂಡ ಪ್ರಕ್ರಿಯಾ ಸಂಹಿತೆ ಹೋಗಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ, ಬಿಎನ್‌ಎಸ್‌ಎಸ್ ಅನ್ನುತ್ತಾರೆ. ಬಂಧಿಸಿದ ಹೆಣ್ಣುಮಗಳ ಮೈ ತಪಾಸಣೆಯನ್ನೂ ಹೆಣ್ಣೇ ಮಾಡಬೇಕು, ಅದೂ ಮರ್ಯಾದೆ ಕಾಪಾಡಿ ಅಂತ ಅದರ ಸೆಕ್ಷನ್ 49 ಹೇಳುತ್ತದೆ. ಸೂರ್ಯ ಮುಳುಗಿದ ಮೇಲೆ, ಹುಟ್ಟುವ ಮೊದಲು ಹೆಣ್ಣುಮಕ್ಕಳನ್ನು ಬಂಧಿಸುವಂತಿಲ್ಲ. ತೀರಾ ಅಪರೂಪದ ಸಂದರ್ಭ ಇದ್ದರೆ ಮಹಿಳಾ ಅಧಿಕಾರಿ ಬರಹದಲ್ಲಿ ಕಾರಣ ಕೊಟ್ಟು ಮ್ಯಾಜಿಸ್ಟ್ರೇಟರ ಅನುಮತಿ ಮೊದಲೇ ತಗೊಳ್ಳಬೇಕು, ಅದು ಸೆಕ್ಷನ್ 43. ಗಂಡ ಎಲ್ಲಿದ್ದಾನೆ ಅನ್ನುವ ಪ್ರಶ್ನೆಗೆ ಯಾವ ಕಾನೂನಿನಲ್ಲೂ ಜಾಗ ಇಲ್ಲ. ನೀವು ದೇಶದಲ್ಲಿ ಎಲ್ಲಿ ಬೇಕಾದರೂ ಓಡಾಡಬಹುದು ಅಂತ 19ನೇ ವಿಧಿಯಲ್ಲಿದೆ. ಅದರಲ್ಲಿ ಹಗಲು ರಾತ್ರಿ ಅಂತ ಭೇದ ಇಲ್ಲ.

ಗಾಂಜಾ ಅನುಮಾನ ಅಂತ ಹೇಳಿ ಮೈ ತಡಕುವುದು ಈಗ ಜಾಸ್ತಿ ಆಗಿದೆ. ಅದಕ್ಕೆ ಮಾದಕ ವಸ್ತು ಕಾಯ್ದೆಯ ಸೆಕ್ಷನ್ 50 ಇದೆ. ಗೆಜೆಟೆಡ್ ಅಧಿಕಾರಿ ಅಥವಾ ಮ್ಯಾಜಿಸ್ಟ್ರೇಟರ ಮುಂದೆ ತಪಾಸಣೆ ಮಾಡಿಸಿಕೊಳ್ಳುವ ಹಕ್ಕು ನಿಮಗಿದೆ ಅಂತ ಅವರೇ ಮೊದಲು ತಿಳಿಸಬೇಕು. 1999ರ ಬಲದೇವ್ ಸಿಂಗ್ ತೀರ್ಪು ಅದನ್ನು ಗಟ್ಟಿ ಮಾಡಿದೆ. ಇದು ಮೈಮೇಲಿನ ತಪಾಸಣೆಗೆ ಮಾತ್ರ, ಬ್ಯಾಗಿಗೆ, ಗಾಡಿಗೆ ಅಲ್ಲ.

ಸಿರುಗುಪ್ಪ ಮೆಣಸಿನಕಾಯಿ:

ಎಲೆಕ್ಷನ್ ಟೈಮಿನ ಚೆಕ್‌ಪೋಸ್ಟ್ ಬಗ್ಗೆ ಯಾರೂ ಬರೆದಿಲ್ಲ. ನಮ್ಮಂಥ ರೈತರಿಗೆ ಅದೇ ದೊಡ್ಡ ತಲೆನೋವು. 2023ರ ಏಪ್ರಿಲ್, ವಿಧಾನಸಭೆ ಚುನಾವಣೆ. ಬ್ಯಾಡಗಿ ಮಾರ್ಕೆಟ್ಟಿಗೆ ಮೆಣಸಿನಕಾಯಿ ಹಾಕಿ ವಾಪಸ್ ಬರುತ್ತಿದ್ದೆ. ಟವೆಲ್ಲಿನಲ್ಲಿ ಸುತ್ತಿ ಸೊಂಟಕ್ಕೆ ಕಟ್ಟಿಕೊಂಡಿದ್ದ ದುಡ್ಡು 1,80,000. ಕೂಲಿಯವರಿಗೆ, ಗೊಬ್ಬರದ ಅಂಗಡಿಗೆ ಕೊಡಬೇಕಾದದ್ದು. ಚೆಕ್‌ಪೋಸ್ಟಿನಲ್ಲಿ ಕೆಳಗಿಳಿಸಿ ಎಣಿಸಿದರು. 50,000ಕ್ಕಿಂತ ಜಾಸ್ತಿ ಇದ್ದರೆ ದಾಖಲೆ ಬೇಕು ಅಂದರು. ದಲಾಲರ ಚೀಟಿ ಮಗನ ಜೇಬಿನಲ್ಲಿ ಇತ್ತು, ಮಗ ಹಿಂದಿನ ಗಾಡಿಯಲ್ಲಿ. ಅವನು ಬರುವ ತನಕ ಕಾಯಿರಿ ಅಂದರೂ ಕೇಳಲಿಲ್ಲ, ದುಡ್ಡು ಜಪ್ತಿ ಆಯಿತು.

ಒಂದು ಮಾತ್ರ ಸರಿಯಾಗಿ ಮಾಡಿದರು, ವಿಡಿಯೋ ತೆಗೆದರು, ನೋಟು ಎಣಿಸಿ ಬರೆದು ರಸೀದಿ ಕೊಟ್ಟರು. ಆ ರಸೀದಿಯಲ್ಲಿ ಯಾರಿಗೆ ಮೇಲ್ಮನವಿ ಕೊಡಬೇಕು ಅಂತ ಇತ್ತು. ಜಿಲ್ಲೆಗೊಂದು ಸಮಿತಿ ಇರುತ್ತದೆ, ಜಿಲ್ಲಾ ಪಂಚಾಯತಿ ಸಿಇಒ, ಖರ್ಚುವೆಚ್ಚ ನೋಡುವ ನೋಡಲ್ ಅಧಿಕಾರಿ, ಖಜಾನೆ ಅಧಿಕಾರಿ, ಮೂವರು. ದಲಾಲರ ಚೀಟಿ, ಪಹಣಿ, ಆಧಾರ್ ಜೆರಾಕ್ಸ್ ಕೊಟ್ಟೆ. ದುಡ್ಡು ಪೂರ್ತಿ ವಾಪಸ್ ಬಂತು. ಆದರೆ ಅಷ್ಟರಲ್ಲಿ ಕೂಲಿಯವರಿಗೆ ಕೊಡಲು ಬಡ್ಡಿಗೆ ತಂದಿದ್ದೆ. ಅದಕ್ಕೇ ಹೇಳುತ್ತೇನೆ, ಮಾರಿದ ಚೀಟಿ ದುಡ್ಡಿನ ಜೊತೆಯಲ್ಲೇ ಇಡಿ. ಮಗನ ಜೇಬಿನಲ್ಲಿ ಬೇಡ. ಈಗ ನಾನು ದುಡ್ಡು ಖಾತೆಗೇ ಹಾಕಿಸುತ್ತೇನೆ.

ರಾಯಚೂರು ಲಾರಿ:

ಒಂದು ನಿಜ ಹೇಳಿ. ಇವೆಲ್ಲ ಓದುವುದಕ್ಕೆ ಚೆನ್ನಾಗಿದೆ. ನನ್ನಂಥ ಡ್ರೈವರ್ ಅಲ್ಲಿ ನಿಂತು ಸೆಕ್ಷನ್ 206 ಅಂದರೆ ಏನಾಗುತ್ತದೆ? ಓಹೋ ಲಾಯರ್ ಬಂದ ಅಂತ ಇನ್ನೂ ಎರಡು ತಾಸು ಜಾಸ್ತಿ ನಿಲ್ಲಿಸುತ್ತಾರೆ. ಟೈರು, ಲೈಟು, ಮಡ್‌ಗಾರ್ಡ್ ಎಲ್ಲ ನೋಡುತ್ತಾರೆ. ಹುಡುಕಿದರೆ ಯಾವ ಲಾರಿಯಲ್ಲಿ ತಪ್ಪು ಸಿಗಲ್ಲ ಹೇಳಿ.

ದಫೇದಾರ್, ನಿವೃತ್ತ:

ಲಾರಿ ಅಣ್ಣ ಹೇಳಿದ್ದು ಪೂರ್ತಿ ನಿಜ. ನಾನು ಆ ಕಡೆ ನಿಂತವನಾದ್ದರಿಂದ ಯಾವ ಮಾತಿಗೆ ಏನಾಗುತ್ತದೆ ಅಂತ ಗೊತ್ತು. ಸೆಕ್ಷನ್ ನಂಬರ್ ಹೇಳಬೇಡಿ. ಅದು ಸವಾಲು ಹಾಕಿದ ಹಾಗೆ ಕೇಳಿಸುತ್ತದೆ. ಗಾಡಿ ಎಡಕ್ಕೆ ಹಾಕಿ, ಇಂಜಿನ್ ಆಫ್ ಮಾಡಿ, ಹೆಲ್ಮೆಟ್ ತೆಗೆದು ಮುಖ ಕಾಣಿಸಿ. ಇಂಜಿನ್ ಆಫ್ ಆದರೆ ಕೀ ಕೀಳುವ ಕೈ ಅರ್ಧ ಅಲ್ಲೇ ನಿಲ್ಲುತ್ತದೆ, ಇದು ನನ್ನ ಅನುಭವ. ಕೀ ನಿಮ್ಮ ಜೇಬಿನಲ್ಲೇ ಇಟ್ಟುಕೊಳ್ಳಿ. ದಂಡ ಅಂದರೆ, ಆಗಲಿ ಸರ್, ಮಷಿನಿನಲ್ಲಿ ರಸೀದಿ ಕೊಡಿ, ಕಟ್ಟುತ್ತೇನೆ ಅನ್ನಿ. ಡಿಎಲ್ ಇಟ್ಟುಕೊಂಡರೆ, ಸರ್ ಒಂದು ಚೀಟಿ ಬರೆದುಕೊಡಿ, ಓನರ್ ಕೇಳ್ತಾರೆ ಅನ್ನಿ. ಓನರ್ ಹೆಸರು ಹೇಳಿದರೆ ಅದು ವಾದ ಅಲ್ಲ, ಕಷ್ಟ ಹೇಳಿಕೊಂಡ ಹಾಗೆ ಆಗುತ್ತದೆ. ಮೊಬೈಲ್ ಕೇಳಿದರೆ, ಸರ್ ಕಾಗದ ನಾನೇ ಹಿಡಿದು ತೋರಿಸುತ್ತೇನೆ, ಮನೆಯವರ ಫೋಟೋ ಇದೆ ಸರ್ ಅನ್ನಿ. ಎದೆಯ ಮೇಲಿನ ಹೆಸರಿನ ಪಟ್ಟಿ ಓದಿಕೊಳ್ಳಿ. ಪಟ್ಟಿ ಹಾಕಿಲ್ಲ ಅಂದರೆ ಜೀಪಿನ ನಂಬರ್, ಟೈಮು, ಜಾಗ ಮನಸ್ಸಿನಲ್ಲಿ ಇಟ್ಟುಕೊಳ್ಳಿ.

ಕುಡಿದಿದ್ದೀರಾ ಅಂತ ಮಷಿನ್ ಹಿಡಿದರೆ ಮಾತ್ರ ಊದಿಬಿಡಿ. ನೂರು ಮಿಲಿ ರಕ್ತಕ್ಕೆ 30 ಮಿಲಿಗ್ರಾಂ ದಾಟಿದರೆ ಕೇಸು, ಮೊದಲ ಸಲಕ್ಕೆ 10,000 ತನಕ ದಂಡ ಅಥವಾ ಆರು ತಿಂಗಳ ತನಕ ಜೈಲು, ಎರಡೂ ಆಗಬಹುದು. ಊದುವುದಿಲ್ಲ ಅಂತ ಹಟ ಹಿಡಿದರೆ, ವಾಸನೆ ಬರುತ್ತಿದ್ದರೆ, ವಾರಂಟ್ ಇಲ್ಲದೆ ಬಂಧಿಸಬಹುದು. ಊದುವ ನಳಿಕೆ ಹೊಸದು ಹಾಕಿ ಅಂತ ಕೇಳಿ, ಅದರಲ್ಲಿ ತಪ್ಪೇನಿಲ್ಲ.

ಬಳ್ಳಾರಿ ಕೋರ್ಟ್ ಆವರಣ:

ದಫೇದಾರ್ ಸಾಹೇಬರ ಮಾತು ಎಲ್ಲರೂ ಬರೆದಿಟ್ಟುಕೊಳ್ಳಿ. ಒಂದೇ ಸೇರಿಸುತ್ತೇನೆ. ಕೈ ತಳ್ಳುವುದು, ಬ್ಯಾರಿಕೇಡ್ ದಾಟಿ ಓಡುವುದು, ಸಮವಸ್ತ್ರಕ್ಕೆ ಕೈ ಹಾಕುವುದು ಬೇಡವೇ ಬೇಡ. ಸರ್ಕಾರಿ ಕೆಲಸಕ್ಕೆ ಅಡ್ಡಿ ಅಂತ ಭಾರತೀಯ ನ್ಯಾಯ ಸಂಹಿತೆಯ 221, ಹಲ್ಲೆ ಅಂತ 132 ಬೀಳುತ್ತವೆ. ಆಮೇಲೆ ಅವರ ತಪ್ಪಿನ ಮಾತೇ ಬರುವುದಿಲ್ಲ, ನಿಮ್ಮದೇ ಕೇಸು ಓಡುತ್ತದೆ. ಕಾನೂನಿಗೆ ಸರಿಯಾದ ಸೂಚನೆ ಪಾಲಿಸದೆ ಹಟ ಮಾಡಿದವರನ್ನು ಅಲ್ಲಿಂದ ಕರೆದುಕೊಂಡು ಹೋಗುವ ಅಧಿಕಾರವನ್ನೂ ಬಿಎನ್‌ಎಸ್‌ಎಸ್ 172ರಲ್ಲಿ ಕೊಟ್ಟಿದ್ದಾರೆ. ಸಾರ್ವಜನಿಕ ಜಾಗದಲ್ಲಿ ಕರ್ತವ್ಯ ಮಾಡುವ ಪೊಲೀಸರ ವಿಡಿಯೋ ತೆಗೆಯಬಾರದು ಅಂತ ಕಾನೂನಿಲ್ಲ, ಆದರೆ ದೂರ ನಿಂತು ತೆಗೆಯಿರಿ, ಮುಖಕ್ಕೆ ಹಿಡಿಯಬೇಡಿ.

ಕೊಪ್ಪಳ ಡಿಗ್ರಿ ಕಾಲೇಜು:

ಠಾಣೆಗೆ ಬಾ ಅಂತ ಕರೆದುಕೊಂಡು ಹೋದರೆ? ನನ್ನ ರೂಮ್‌ಮೇಟನ್ನು ಹುಲಿಗಿ ಜಾತ್ರೆಗೆ ಹೋದಾಗ ಹಾಗೇ ಕರೆದುಕೊಂಡು ಹೋಗಿ ಬೆಳಗಿನ ತನಕ ಬೆಂಚಿನ ಮೇಲೆ ಕೂರಿಸಿದ್ದರು. ಕೇಸು ಹಾಕಲಿಲ್ಲ. ಯಾಕೆ ಅಂತಲೂ ಹೇಳಲಿಲ್ಲ.

ಬಳ್ಳಾರಿ ಕೋರ್ಟ್ ಆವರಣ:

ಬೆಳಗಿನ ತನಕ ಸುಮ್ನೆ ಕೂರಿಸಿದ್ದೆವು ಅನ್ನುವುದು ನಮ್ಮ ಕಡೆ ಬಹಳ ಹಳೆಯ ಅಭ್ಯಾಸ. ಕಾನೂನಿನಲ್ಲಿ ಹಾಗೊಂದು ನಡುವಿನ ಸ್ಥಿತಿ ಇಲ್ಲ. ಎದ್ದು ಹೋಗುವ ಹಾಗಿಲ್ಲ ಅಂದರೆ ಅದು ವಶವೇ.

22ನೇ ವಿಧಿಯನ್ನು ಓದಿಕೊಳ್ಳಿ, ಸಣ್ಣದು, ಅರ್ಥವಾಗುತ್ತದೆ. ಬಂಧಿಸಿದರೆ ಕಾರಣ ಹೇಳಬೇಕು, ನಿಮಗೆ ಬೇಕಾದ ವಕೀಲರನ್ನು ಕಾಣಲು ಬಿಡಬೇಕು, ಪ್ರಯಾಣದ ಹೊತ್ತು ಬಿಟ್ಟು 24 ಗಂಟೆಯ ಒಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. 1996ರ ಡಿ.ಕೆ. ಬಸು ತೀರ್ಪು ಇದಕ್ಕೆ ಹನ್ನೊಂದು ಸೂಚನೆ ಕೊಟ್ಟಿತು. ಹೆಸರಿನ ಪಟ್ಟಿ ಕಾಣುವಂತೆ ಹಾಕಬೇಕು, ಬಂಧನದ ಮೆಮೊ ಬರೆಯಬೇಕು, ಮನೆಯವರಿಗೆ ತಿಳಿಸಬೇಕು ಅನ್ನುವುದೆಲ್ಲ ಅಲ್ಲಿಂದ ಬಂದದ್ದು. ಈಗ ಅವು ಬಿಎನ್‌ಎಸ್‌ಎಸ್‌ನ 36, 38, 47, 48ರಲ್ಲಿ ಇವೆ. ಬಂಧನದ ಕಾರಣವನ್ನು ಬರಹದಲ್ಲಿ, ಆ ವ್ಯಕ್ತಿಗೆ ಗೊತ್ತಿರುವ ಭಾಷೆಯಲ್ಲಿ ಕೊಡಬೇಕು ಅಂತ 2025ರಲ್ಲಿ ಸುಪ್ರೀಂ ಕೋರ್ಟ್ ಮಿಹಿರ್ ಶಾ ಪ್ರಕರಣದಲ್ಲಿ ಹೇಳಿದೆ. ಅಂದರೆ ನಮ್ಮವರಿಗೆ ಕನ್ನಡದಲ್ಲಿ. ಇಂಗ್ಲಿಷ್ ಫಾರಂಗೆ ಹೆಬ್ಬೆಟ್ಟು ಒತ್ತಿಸಿಕೊಂಡದ್ದನ್ನು ನಾನು ಎಷ್ಟು ಫೈಲಿನಲ್ಲಿ ನೋಡಿದ್ದೇನೋ ಲೆಕ್ಕ ಇಲ್ಲ. ಏಳು ವರ್ಷದ ತನಕ ಶಿಕ್ಷೆ ಇರುವ ಅಪರಾಧಕ್ಕೆ ನೇರವಾಗಿ ಬಂಧಿಸಲು ಹೋಗಬೇಡಿ, ಮೊದಲು ನೋಟಿಸ್ ಕೊಟ್ಟು ಕರೆಸಿ ಅಂತ 2014ರ ಅರ್ನೇಶ್ ಕುಮಾರ್ ತೀರ್ಪಿದೆ.

ಠಾಣೆಗಳಲ್ಲಿ ಸಿಸಿಟಿವಿ ಇರಬೇಕು, ದೃಶ್ಯ ಉಳಿಸಬೇಕು ಅಂತ ಸುಪ್ರೀಂ ಕೋರ್ಟಿನ 2020ರ ಆದೇಶವೂ ಇದೆ. ರೂಮ್‌ಮೇಟ್ ಯಾವ ದಿನ, ಎಷ್ಟು ಗಂಟೆಗೆ ಅಲ್ಲಿದ್ದ ಅಂತ ಬರೆದು ಆ ದೃಶ್ಯ ಅಳಿಸಬೇಡಿ ಅಂತ ಕೂಡಲೇ ಅರ್ಜಿ ಕೊಡಲಿ. ತಡ ಮಾಡಬಾರದು.

ಸಿಂಧನೂರು ನರ್ಸ್:

ವಕೀಲರಿಗೆ ಕೊಡಲು ದುಡ್ಡು ಇಲ್ಲದವರು?

ಬಳ್ಳಾರಿ ಕೋರ್ಟ್ ಆವರಣ:

ದುಡ್ಡು ಬೇಡ ಅಕ್ಕಾ. ಜಿಲ್ಲಾ ನ್ಯಾಯಾಲಯದ ಆವರಣದಲ್ಲೇ ಕಾನೂನು ಸೇವೆಗಳ ಪ್ರಾಧಿಕಾರದ ಕಚೇರಿ ಇರುತ್ತದೆ. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಪೊಲೀಸರ ವಶದಲ್ಲಿ ಇರುವವರಿಗೆ ಆದಾಯ ಎಷ್ಟೇ ಇರಲಿ ವಕೀಲರು ಉಚಿತ. ಫೋನ್ 15100. ದೂರನ್ನು ಎಸ್‌ಪಿ ಕಚೇರಿಯ ಟಪಾಲು ವಿಭಾಗದಲ್ಲಿ ಕೊಟ್ಟು ಸೀಲ್ ಹಾಕಿಸಿಕೊಳ್ಳಿ. 2006ರ ಪ್ರಕಾಶ್ ಸಿಂಗ್ ತೀರ್ಪಿನಂತೆ ಪೊಲೀಸರ ಮೇಲಿನ ದೂರು ಕೇಳಲು ಪ್ರಾಧಿಕಾರ ಇದೆ, ರಾಜ್ಯ ಮಾನವ ಹಕ್ಕುಗಳ ಆಯೋಗ ಇದೆ. ಅದೂ ಆಗದಿದ್ದರೆ ಬಳ್ಳಾರಿ, ಕೊಪ್ಪಳದವರಿಗೆ ಧಾರವಾಡದ ಹೈಕೋರ್ಟ್ ಪೀಠ, ರಾಯಚೂರಿನವರಿಗೆ ಕಲಬುರಗಿ ಪೀಠ.

ಗಂಗಾವತಿ ಭತ್ತ:

ಎಲ್ಲರಿಗೂ ಕೈ ಮುಗಿಯುತ್ತೇನೆ. ಹತ್ತು ದಿನ ಆಯಿತು, ಏನಾಯಿತು ಅಂತ ಹೇಳಬೇಕು. ಈ ಎಲ್ಲ ಮಾತನ್ನು ತಮ್ಮನಿಗೆ ಓದಿ ಹೇಳಿದೆ. ದಫೇದಾರ್ ಸಾಹೇಬರು ಅವನದ್ದೇನೂ ತಪ್ಪಿಲ್ಲ ಅಂದದ್ದನ್ನು ಎರಡು ಸಲ ಓದಿಸಿಕೊಂಡ. ದೂರು ಬೇಡ ಅಂತಿದ್ದವನು ಮಾರನೇ ದಿನ ಅವನೇ ಬಿಳಿ ಹಾಳೆ ತಂದ. ನಾನು ಬರೆದುಕೊಡುತ್ತೇನೆ ಅಂದೆ, ಬೇಡ ಅಂದ. ಒಂದೂವರೆ ಪುಟ ಅವನ ಕೈಯಲ್ಲೇ ಬರೆದಿದ್ದಾನೆ. ದಿನ, ಟೈಮು, ಜೀಪಿನ ನಂಬರಿನ ಕೊನೆಯ ಎರಡು ಅಂಕಿ, ಡಿಜಿಲಾಕರ್ ತೋರಿಸಿದ್ದು, ರಸೀದಿ ಇಲ್ಲದ 500, ಹೆಬ್ಬೆರಳು. ಹುಡುಗಿಯ ಹೆಸರು ಹಾಕಿಲ್ಲ, ಅವಳನ್ನು ಕೇಳದೆ ಹಾಕಲ್ಲ ಅಂದ.

ಎಸ್‌ಪಿ ಕಚೇರಿಯ ಟಪಾಲಿನಲ್ಲಿ ಕೊಟ್ಟೆವು. ಅಲ್ಲಿದ್ದ ಮೇಡಂ ಪೂರ್ತಿ ಓದಿ, ಎರಡು ಪ್ರತಿಗೂ ಸೀಲ್ ಹಾಕಿ ಒಂದು ನಮಗೆ ಕೊಟ್ಟರು. ನಿನ್ನೆ ಫೋನ್ ಬಂತು. ಗುರುವಾರ ಹನ್ನೊಂದಕ್ಕೆ ಡಿವೈಎಸ್‌ಪಿ ಕಚೇರಿಗೆ ಹೇಳಿಕೆ ಕೊಡಲು ಬರಬೇಕಂತೆ. ತಮ್ಮ ಒಂದು ಪ್ರಶ್ನೆ ಕೇಳುತ್ತಿದ್ದಾನೆ, ಅಲ್ಲಿ ಮೊಬೈಲ್ ಕೇಳಿದರೆ ಏನು ಮಾಡಬೇಕು?

ಬಳ್ಳಾರಿ ಕೋರ್ಟ್ ಆವರಣ:

ಅವನು ಈಗ ದೂರುದಾರ. ಮೊಬೈಲ್ ಕೊಡಬೇಕಾಗಿಲ್ಲ. ಬೇಕೇ ಬೇಕು ಅಂದರೆ ಯಾವ ಕಾರಣಕ್ಕೆ ಅಂತ ಬರಹದಲ್ಲಿ ನೋಟಿಸ್ ಕೊಡಲಿ, ನಾವು ಉತ್ತರ ಕೊಡೋಣ. ಹೇಳಿಕೆ ಬರೆದುಕೊಂಡ ಮೇಲೆ ಪೂರ್ತಿ ಓದಲಿ, ಹೇಳದ ಮಾತು ಇದ್ದರೆ ಅಲ್ಲೇ ತಿದ್ದಿಸಲಿ. ನಾನು ಬುಧವಾರ ರಾತ್ರಿಯೇ ಬಳ್ಳಾರಿಯಿಂದ ಬರುತ್ತೇನೆ. ಫೀಸಿನ ಮಾತು ಎತ್ತಬೇಡಿ.

ದಫೇದಾರ್, ನಿವೃತ್ತ:

ನಾನೂ ಬರುತ್ತೇನೆ. ಒಳಗೆ ಮಾತಾಡುವುದಿಲ್ಲ, ಹೊರಗೆ ಬೆಂಚಿನ ಮೇಲೆ ಹುಡುಗನ ಪಕ್ಕ ಕೂತಿರುತ್ತೇನೆ. ಹತ್ತೂವರೆಗೆ ಗೇಟಿನ ಎದುರಿನ ಚಹಾದಂಗಡಿ ಹತ್ತಿರ ಇರಿ. ಏನಾದರೂ ತಿಂದೇ ಬರಲಿ ಅವನು, ಒಳಗೆ ಎಷ್ಟು ಹೊತ್ತು ಆಗುತ್ತದೋ ಗೊತ್ತಿಲ್ಲ.